ಅಜ್ಜನ .375 ಕೋವಿ: ಹೊಳಪಿನ ಕೆಳಗೆ ಏನಿತ್ತು

ಏಳು ವಾರ ಹಿಡಿಯಿತು. ಖರ್ಚು 9,640 ರೂಪಾಯಿ. ಒಂದು ಸ್ಕ್ರೂ ತಲೆ ಕೆಡಿಸಿದೆ, ಒಂದು ಪರೀಕ್ಷೆಯನ್ನು ಪೂರ್ತಿ ತಪ್ಪಾಗಿ ಮಾಡಿದೆ, ಇನ್ನೊಂದು ಕಡೆ ಕೋವಿಯ ಮುಖ್ಯ ಭಾಗವನ್ನೇ ಮುರಿಯುವುದರಲ್ಲಿದ್ದೆ. ನಿಮ್ಮ ಮನೆಯಲ್ಲೂ ಹಳೆಯ ಬೋಲ್ಟ್ ಆಕ್ಷನ್ ರೈಫಲ್ (ಪ್ರತಿ ಸಲ ಬೋಲ್ಟ್ ಅನ್ನುವ ಉಕ್ಕಿನ ಅಗುಳಿಯನ್ನು ಕೈಯಿಂದ ಎಳೆದು ತಳ್ಳಿ ತೋಟಾ ತುಂಬುವ ಕೋವಿ) ಇದ್ದರೆ ಅಥವಾ ಯಾರಾದರೂ ನಿಮ್ಮ ಹೆಸರಿಗೆ ಮಾಡಿಕೊಡುತ್ತೇನೆ ಅಂದರೆ, ಈ ಟಿಪ್ಪಣಿ ಉಪಯೋಗಕ್ಕೆ ಬರಬಹುದು.

ಕೋವಿ ಅಜ್ಜನದು. ಕೊಡಗು ಬಿಟ್ಟು ಹೊರಟ ಒಬ್ಬ ಬಿಳಿಯ ಕಾಫಿ ಪ್ಲಾಂಟರ್ ಹತ್ತಿರ ತೆಗೆದುಕೊಂಡದ್ದು. .375 ಹಾಲೆಂಡ್ ಅಂಡ್ ಹಾಲೆಂಡ್ ಮ್ಯಾಗ್ನಮ್, ಮೌಸರ್ 98 ಆಕ್ಷನ್, ಅಂದರೆ ತೋಟಾ ತುಂಬಿ ಬಿಗಿಯುವ ಯಂತ್ರಭಾಗ ಮೌಸರ್ 98 ಮಾದರಿಯದು. ಕಾಡುಕೋಣ, ಹುಲಿಯಂಥ ದೊಡ್ಡ ಪ್ರಾಣಿಗೆ ಅಂತಲೇ ಮಾಡಿದ ಕೋವಿ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದಕ್ಕೆ ಆ ಕೆಲಸವೇ ಇಲ್ಲ. ವರ್ಷಕ್ಕೊಮ್ಮೆ, ಕೊಡವರು ಆಯುಧ ಪೂಜಿಸುವ ಹಬ್ಬವಾದ ಕೈಲ್‌ಪೊಳ್ದ್ ದಿನ ಹೊರಗೆ ಬರುತ್ತದೆ, ಪೂಜೆ ಮಾಡಿಸಿಕೊಳ್ಳುತ್ತದೆ, ಮತ್ತೆ ಒಳಗೆ ಹೋಗುತ್ತದೆ. ಕೊಡವರು ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡುವ ವಿನಾಯಿತಿ ಪತ್ರ ಇಲ್ಲಿವರೆಗೆ ದೊಡ್ಡಪ್ಪನ ಹೆಸರಲ್ಲಿತ್ತು, ಈ ವರ್ಷ ನನ್ನ ಹೆಸರಿಗೆ ಬಂತು. ಕೊಡುವಾಗ ದೊಡ್ಡಪ್ಪ ಕೇಳಿದ್ದು ಒಂದೇ ಮಾತು: "ಇದು ಕೆಲಸಕ್ಕೆ ಬರೋ ಕೋವಿಯಾ, ಗೋಡೆಗೆ ನೇತು ಹಾಕೋ ಕೋವಿಯಾ, ನೋಡಿ ಹೇಳು."

ಕಕ್ಕಡ, ಅಂದರೆ ಕೊಡವರ ಜಡಿಮಳೆಯ ತಿಂಗಳು, ಹತ್ತಿರ ಬಂದಿತ್ತು. ಹೊರಗೆ ಜಡಿಮಳೆ, ತೋಟದಲ್ಲಿ ಕೆಲಸ ಇಲ್ಲ. ಸರಿ ಅಂತ ಕೂತೆ.

ಜುಲೈ 14, ಮೊದಲ ನೋಟ

ಮೊದಲ ಕೆಲಸ, ಖಾಲಿ ಇದೆಯಾ ನೋಡುವುದು. ಬೋಲ್ಟ್ ಎಳೆದು, ತೋಟಾ ಜೋಡಿಸಿಡುವ ಮ್ಯಾಗಜಿನ್ ನೋಡಿ, ನಳಿಗೆಯ ಹಿಂದೆ ತೋಟಾ ಕೂರುವ ಚೇಂಬರಿಗೆ ಕಿರುಬೆರಳು ಹಾಕಿ ಮುಟ್ಟಿ ನೋಡಿದೆ. ಕಣ್ಣನ್ನು ಮಾತ್ರ ನಂಬಬೇಡಿ. ಅಜ್ಜನ ಪೆಟ್ಟಿಗೆಯಲ್ಲಿ ಏಳು ಹಳೆ ತೋಟಾ ಇದ್ದವು. ನಾಲ್ಕರ ಕತ್ತಿನಲ್ಲಿ ಕೂದಲೆಳೆಯಷ್ಟು ಬಿರುಕು, ಮೈಮೇಲೆ ಹಸಿರು ಕಿಲುಬು. ಅವನ್ನು ಆಗಲೇ ಬೇರೆ ಕೋಣೆಗೆ ಸಾಗಿಸಿದೆ.

ಕೋವಿ ನೋಡೋಕೆ ಎಷ್ಟು ಚೆಂದ ಅಂದರೆ, ಕನ್ನಡಿ ಥರ ಹೊಳೆಯುವ ಕಪ್ಪು ನಳಿಗೆ, ಕೆಂಪು ಛಾಯೆಯ ವಾಲ್‌ನಟ್ ಮರ. ತೂಕ 4.1 ಕಿಲೋ. ನಳಿಗೆ 25 ಇಂಚು. ಡೈರಿಯಲ್ಲಿ "ಸ್ಥಿತಿ: ಅತ್ಯುತ್ತಮ" ಅಂತ ಬರೆದೆ. ಆ ಸಾಲಿನ ಮೇಲೆ ಈಗ ಗೀಟು ಎಳೆದಿದ್ದೇನೆ.

ಜುಲೈ 15, ಗುರುತುಗಳು

ಮಗಳ ಶಾಲೆಯ ಭೂತಕನ್ನಡಿ ಹಿಡಿದು ಕೂತೆ. ನಳಿಗೆಯ ಮೇಲೆ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನ (ಕೋವಿ ಪರೀಕ್ಷಿಸುವ ಸಂಸ್ಥೆ) ಮುದ್ರೆಗಳಿವೆ: ಕಿರೀಟದ ಕೆಳಗೆ ಬಿ.ಪಿ., ಬಿ.ವಿ., ಎನ್.ಪಿ. ಹೆಚ್ಚು ಒತ್ತಡದ ತೋಟಾ ಹಾರಿಸಿ ಪರೀಕ್ಷೆ ಮಾಡಿದ್ದಾರೆ ಅಂತ ಅರ್ಥ. ರಿಸೀವರ್ (ಬೋಲ್ಟ್ ಓಡಾಡುವ ಉಕ್ಕಿನ ಮೈ) ಮೇಲಿನ ನಂಬರೂ ಬೋಲ್ಟಿನ ನಂಬರೂ ಒಂದೇ. ಇದು ದೊಡ್ಡ ಸಮಾಧಾನ. ಬೇರೆ ಕೋವಿಯ ಬೋಲ್ಟ್ ಸೇರಿಕೊಂಡಿದ್ದರೆ ಎಲ್ಲ ಅಳತೆಯನ್ನೂ ಅನುಮಾನದಿಂದಲೇ ನೋಡಬೇಕಾಗುತ್ತದೆ.

ಆದರೆ ಮಾಡಿದವರ ಹೆಸರು ಓದಲು ಆಗಲಿಲ್ಲ. ಅಕ್ಷರಗಳ ಅಂಚು ಕರಗಿದ ಸೋಪಿನ ಹಾಗೆ ಮೆತ್ತಗಾಗಿದೆ. ಸ್ಕ್ರೂ ತೂತಿನ ಸುತ್ತ ಲೋಹ ಬಟ್ಟಲಿನಂತೆ ಸ್ವಲ್ಪ ಒಳಗೆ ಇಳಿದಿದೆ. ಯಾರೋ ಎಮರಿ ಕಾಗದ ಹಾಕಿ ತಿಕ್ಕಿ, ಮತ್ತೆ ಕಪ್ಪು ಹಾಕಿಸಿದ್ದಾರೆ. ದೊಡ್ಡಪ್ಪನಿಗೆ ಫೋನ್ ಮಾಡಿದೆ. "ಹೌದು, ನನ್ನ ಮದುವೆ ವರ್ಷ ಅಪ್ಪ ಪಾಲಿಶ್ ಮಾಡಿಸಿದ್ರು. ಎಷ್ಟು ಚೆಂದ ಆಗಿತ್ತು ಗೊತ್ತಾ!" ಅಂದರು. ನಾನೇನೂ ಹೇಳಲಿಲ್ಲ. ಹೊಸ ಹೊಳಪು ಅಂದರೆ ಅದರ ಕೆಳಗೆ ಮೊದಲೇನಿತ್ತೋ ಗೊತ್ತಾಗುವುದಿಲ್ಲ, ಅಷ್ಟೇ. ಮಂಕಾಗಿ, ಅಲ್ಲಲ್ಲಿ ಸವೆದ ಹಳೆ ಕಪ್ಪು ಎಷ್ಟೋ ವಾಸಿ.

ಜುಲೈ 20, ಸ್ಕ್ರೂ ಕೆಡಿಸಿದ ದಿನ

ಮರದಿಂದ ಲೋಹ ಬೇರೆ ಮಾಡಲು ಕೆಳಗಿನ ಎರಡು ಸ್ಕ್ರೂ ಬಿಚ್ಚಬೇಕು. ಮನೆಯಲ್ಲಿದ್ದ ಸಾಮಾನ್ಯ ಸ್ಕ್ರೂಡ್ರೈವರ್ ತೆಗೆದುಕೊಂಡೆ. ಅದರ ತುದಿ ಬೆಣೆಯಾಕಾರ, ಕೋವಿ ಸ್ಕ್ರೂವಿನ ಸೀಳು ನೆಟ್ಟಗೆ, ತೆಳ್ಳಗೆ. ಮುಂದಿನ ಸ್ಕ್ರೂ ಬಂತು. ಹಿಂದಿನದಕ್ಕೆ ಬಲ ಹಾಕಿದೆ, ಜಾರಿತು. ತಲೆಯ ಅಂಚು ಕಿತ್ತು ಬಂತು, ಪಕ್ಕದ ಲೋಹದ ಮೇಲೆ 12 ಮಿ.ಮೀ. ಗೀರು. ಅರವತ್ತು ಎಪ್ಪತ್ತು ವರ್ಷ ಯಾರೂ ಮಾಡದ ಗಾಯ ನಾನು ಎರಡು ಸೆಕೆಂಡಿನಲ್ಲಿ ಮಾಡಿದೆ.

ಅಲ್ಲಿಗೇ ನಿಲ್ಲಿಸಿ ನೆಟ್ಟಗಿನ ತುದಿಯ ಬಿಟ್ ಸೆಟ್ ತರಿಸಿದೆ, 890 ರೂಪಾಯಿ. ನಾಲ್ಕು ದಿನ ಕಾದೆ. ಸ್ಕ್ರೂ ಮೇಲೆ ಎರಡು ಹನಿ ತೆಳು ಎಣ್ಣೆ ಬಿಟ್ಟು, ರಾತ್ರಿಯಿಡೀ ಹಾಗೇ ಇಟ್ಟು, ಬೆಳಿಗ್ಗೆ ತಿರುಗಿಸಿದರೆ ಬೆಣ್ಣೆಯ ಹಾಗೆ ಬಂತು. ಮೊದಲ ದಿನವೇ ಹೀಗೆ ಮಾಡಬಹುದಿತ್ತು, ಅಲ್ವಾ?

ಮರ ತೆಗೆದ ಮೇಲೆ ನಿಜವಾದ ಕೋವಿ ಕಂಡಿತು. ಮೇಲೆ ಕನ್ನಡಿ, ಕೆಳಗೆ ಬೆಲ್ಲದ ಬಣ್ಣದ ತುಕ್ಕು. ಮರ ಮತ್ತು ನಳಿಗೆ ಸೇರುವ ಗೆರೆಯ ಕೆಳಗೆ, ಎರಡೂ ಕಡೆ ಒಂದೊಂದು ಗೇಣು ಉದ್ದಕ್ಕೆ, ಗುಳಿ ಬಿದ್ದಿದೆ. ಕೋವಿ ಮೂವತ್ತು ವರ್ಷ ಇದ್ದದ್ದು ಒಳಗೆ ವೆಲ್ವೆಟ್ ಹಾಕಿದ ಚರ್ಮದ ಪೆಟ್ಟಿಗೆಯಲ್ಲಿ. ಮರ್ಯಾದೆಯಿಂದ ಇಟ್ಟದ್ದೇ. ಆದರೆ ನಮ್ಮೂರ ಮಳೆಗಾಲದಲ್ಲಿ ಚರ್ಮ ನೀರಾವಿ ಹೀರಿಕೊಂಡು, ಬಿಡದೆ ಕೋವಿಗೆ ಒತ್ತಿ ಹಿಡಿದಿರುತ್ತದೆ. ಹಳೆ ಕಾಲದಂತೆ ಸುಮ್ನೆ ಗೋಡೆಯ ಗೂಟಕ್ಕೆ ನೇತು ಹಾಕಿದ್ದರೆ ಇಷ್ಟು ಕೆಡುತ್ತಿರಲಿಲ್ಲ.

ಗುಳಿಗಳ ಆಳ ಕ್ಯಾಲಿಪರಿನ ಹಿಂಬದಿಯ ಕಡ್ಡಿಯಿಂದ ಅಳೆದೆ. ಜಾಸ್ತಿ ಅಂದರೆ 0.2 ಮಿ.ಮೀ. ಈ ದಪ್ಪದ ನಳಿಗೆಗೆ ಅದು ಚರ್ಮದ ಗಾಯ, ಮೂಳೆಗೆ ಹೋಗಿಲ್ಲ. ಎಣ್ಣೆ ಹಚ್ಚಿ ಹಿತ್ತಾಳೆ ತಂತಿಯ ಬ್ರಶ್‌ನಲ್ಲಿ ತಿಕ್ಕಿ ತುಕ್ಕು ತೆಗೆದೆ. ಎಮರಿ ಮುಟ್ಟಲಿಲ್ಲ.

ಜುಲೈ 27, ಬೋಲ್ಟ್ ಮತ್ತು ತೆಂಗಿನೆಣ್ಣೆ

ಈ ಕೋವಿಯಲ್ಲಿ ನನಗೆ ತುಂಬ ಇಷ್ಟವಾದ ಭಾಗ ಬೋಲ್ಟ್. 1898ರಲ್ಲಿ ಜರ್ಮನ್ ಸೇನೆ ಒಪ್ಪಿಕೊಂಡ ವಿನ್ಯಾಸ. ಮುಂದೆ ಎರಡು ದಪ್ಪ ಲಗ್ (ಬೋಲ್ಟನ್ನು ಬಿಗಿದು ಹಿಡಿಯುವ ಉಬ್ಬು), ಹಿಂದೆ ಅವು ಕೈಕೊಟ್ಟರೆ ಅಂತ ಮೂರನೆಯದು. ಮೈಯಲ್ಲಿ ಎರಡು ತೂತು, ತೋಟಾ ಒಡೆದರೆ ಅನಿಲ ಮುಖಕ್ಕೆ ಬರದೆ ಪಕ್ಕಕ್ಕೆ ಹೋಗಲಿ ಅಂತ. ಬಲಗಡೆ ಉದ್ದಕ್ಕೂ ಮಲಗಿರುವ, ತೋಟಾ ಹಿಡಿದು ಹೊರಗೆಳೆಯುವ, ಅಗಲ ಸ್ಪ್ರಿಂಗ್ ಉಕ್ಕಿನ ಎಕ್ಸ್‌ಟ್ರಾಕ್ಟರ್.

ಬಿಚ್ಚುವುದು ಸುಲಭ, ಹೆಚ್ಚು ಸಾಮಾನು ಬೇಡ. ಸೇಫ್ಟಿ ನಡುವೆ ನೆಟ್ಟಗೆ ನಿಲ್ಲಿಸಿ, ಗುಂಡಿ ಒತ್ತಿ ಹಿಂಭಾಗ ತಿರುಗಿಸಿದರೆ ಹೊರಬರುತ್ತದೆ. ನನ್ನದು ತಿರುಗಲೇ ಇಲ್ಲ. ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ ಹತ್ತು ನಿಮಿಷ ಇಟ್ಟ ಮೇಲೆ, ಜೇನಿನಂಥ ಅಂಟು ದಾರ ದಾರವಾಗಿ ಎಳೆದುಕೊಂಡು ಬಂತು. ಮೂಸಿ ನೋಡಿದೆ. ಹಳಸಿದ ತೆಂಗಿನೆಣ್ಣೆ!

ಪ್ರತಿ ಕೈಲ್‌ಪೊಳ್ದ್‌ಗೆ ಒಂದು ಕೈ ತೆಂಗಿನೆಣ್ಣೆ. ಮೇಲೆ ಹಚ್ಚಿದ್ದು ಒರೆಸಿ ಹೋಗಿದೆ, ಒಳಗೆ ಇಳಿದದ್ದು ಅಲ್ಲೇ ಉಳಿದಿದೆ. ತೆಂಗಿನೆಣ್ಣೆ 24 ಡಿಗ್ರಿಗೇ ಗಟ್ಟಿಯಾಗುತ್ತದೆ, ಮಡಿಕೇರಿ ಕಡೆಯ ಡಿಸೆಂಬರ್ ಬೆಳಗಿನ ಮಾತು ಬಿಡಿ. ಮೇಲಾಗಿ ವರ್ಷಗಟ್ಟಲೆ ಒಳಗೇ ಕೂತು ಹಳಸಿ ಅಂಟಾಗಿದೆ. ಬೋಲ್ಟಿನ ಒಳಗೆ, ತೀರ ಮುಂದಿನ ಮೂಲೆಯಲ್ಲಿ, ಕಂದು ಬಣ್ಣದ ಗಸಿ ಒತ್ತಿ ಕೂತಿತ್ತು. ಇದರಿಂದ ತೋಟಾಕ್ಕೆ ಬಡಿದು ಸಿಡಿಸುವ ಫೈರಿಂಗ್ ಪಿನ್ನಿಗೆ ಪೂರ್ತಿ ಮುಂದೆ ಬರಲು ಜಾಗವಿಲ್ಲ. ಬಿಚ್ಚುವ ಮೊದಲು ಅಳೆದಾಗ ಪಿನ್ ತುದಿ ಹೊರಗೆ ಚಾಚುತ್ತಿದ್ದದ್ದು 1.1 ಮಿ.ಮೀ. ಸೀಮೆಎಣ್ಣೆಯಲ್ಲಿ ನೆನೆಸಿ, ಕಡ್ಡಿಗೆ ಬಟ್ಟೆ ಸುತ್ತಿ, ಮೂರು ಸಲ ಉಜ್ಜಿದ ಮೇಲೆ 1.5 ಮಿ.ಮೀ. "1971ರಲ್ಲಿ ಒಂದ್ಸಲ ತೋಟಾ ಹೊಡೀಲೇ ಇಲ್ಲ, ಸ್ಪ್ರಿಂಗ್ ಸತ್ತಿದೆ" ಅಂತ ದೊಡ್ಡಪ್ಪ ಯಾವಾಗಲೂ ಹೇಳುತ್ತಿದ್ದರು. ಸ್ಪ್ರಿಂಗ್ ಸತ್ತಿರಲಿಲ್ಲ. ಪೂಜೆಯ ಎಣ್ಣೆ ಅದರ ಕಾಲು ಹಿಡಿದಿತ್ತು.

ಈಗ ಹಾಕುವುದು ಹೊಲಿಗೆ ಮಿಶನ್ ಎಣ್ಣೆ, ಅದೂ ಹಚ್ಚಿ ಒರೆಸಿ ತೆಗೆಯುವಷ್ಟು ಮಾತ್ರ.

ಟ್ರಿಗರ್ ಎಳೆತ ಲಗೇಜ್ ತೂಗುವ ತಕ್ಕಡಿಯಲ್ಲಿ ಅಳೆದೆ. ತೊಳೆಯುವ ಮೊದಲು 2.9 ಕಿಲೋ, ತೊಳೆದ ಮೇಲೆ 2.3. ಐದು ಸಲ ಎಳೆದರೂ ಹೆಚ್ಚು ಕಡಿಮೆ ಅಷ್ಟೇ. ಅರ ಹಾಕಿ ಹಗುರ ಮಾಡುವ ಆಸೆ ಬಂತು. ಮಾಡಲಿಲ್ಲ. ಖಾಲಿ ಕೋವಿಯಲ್ಲಿ ಸೇಫ್ಟಿ ಹಾಕಿ ಟ್ರಿಗರ್ ಜೋರಾಗಿ ಎಳೆದೆ, ಬಿಟ್ಟೆ, ಸೇಫ್ಟಿ ತೆಗೆದೆ, ಪಿನ್ ಬೀಳಲಿಲ್ಲ. ಹಿಡಿಯ ಬುಡಕ್ಕೆ ರಬ್ಬರ್ ಸುತ್ತಿಗೆಯಿಂದ ಹತ್ತು ಸಲ ಹೊಡೆದರೂ ಬೀಳಲಿಲ್ಲ.

ಆಗಸ್ಟ್ 3, ನಳಿಗೆಯ ಒಳಗೆ

ಕಕ್ಕಡ ಪದಿನೆಟ್ಟ್, ಕಕ್ಕಡದ ಹದಿನೆಂಟನೇ ದಿನ. ಬೆಳಿಗ್ಗೆ ಆ ದಿನದ ವಿಶೇಷವಾದ ಮದ್ದುಸೊಪ್ಪಿನ ಪಾಯಸ ತಿಂದು, ನೇರಳೆ ಬಣ್ಣದ ಬೆರಳಲ್ಲೇ ಕೆಲಸಕ್ಕೆ ಕೂತೆ.

ಮೊಬೈಲಿಗೆ ಹಾಕುವ 5.5 ಮಿ.ಮೀ. ದಪ್ಪದ ಎಂಡೋಸ್ಕೋಪ್ ಕ್ಯಾಮೆರಾ ತರಿಸಿದ್ದೆ, 1,150 ರೂಪಾಯಿ. ಈ ನಳಿಗೆಯ ಒಳ ಅಳತೆ 9.3 ಮಿ.ಮೀ., ಆರಾಮವಾಗಿ ಹೋಗುತ್ತದೆ. ಒಂದು ಎಚ್ಚರಿಕೆ: ಕ್ಯಾಮೆರಾದಲ್ಲಿ ಸಾಸಿವೆಯಷ್ಟು ಗುಳಿ ಬಾವಿಯಂತೆ ಕಾಣುತ್ತದೆ. ಮೊದಲ ಹತ್ತು ನಿಮಿಷ "ಕೋವಿ ಹೋಯ್ತು" ಅಂತಲೇ ಕೂತಿದ್ದೆ. ಆಮೇಲೆ ನೋಡಿದರೆ ಅರ್ಧಕ್ಕರ್ಧ ಬರೀ ಕೊಳೆ. ಮೊದಲು ತೊಳೆಯಿರಿ, ಆಮೇಲೆ ಹೆದರಿ.

ಕಂಚಿನ ಬ್ರಶ್, ಬಟ್ಟೆ ಚೂರು, ಯಾವಾಗಲೂ ಚೇಂಬರ್ ಕಡೆಯಿಂದ. ಬಾಯಿ ಕಡೆಯಿಂದ ಕಡ್ಡಿ ತೂರಿಸಿದರೆ ಗುಂಡು ಬಿಡುವ ಕೊನೆಯ ಅಂಚು ಸವೆಯುತ್ತದೆ, ಗುರಿ ಅಲ್ಲೇ ಹಾಳು. ಮೂವತ್ತೆರಡನೇ ಬಟ್ಟೆ ಬಿಳಿ ಬಂತು.

ಕಂಡದ್ದು ಇಷ್ಟು. ಗುಂಡನ್ನು ತಿರುಗಿಸುವ ಸುರುಳಿ ಗೆರೆಗಳ ಅಂಚು ಚೂಪಾಗಿಯೇ ಇದೆ. ಅಜ್ಜನ ಕಾಫಿ ಲೆಕ್ಕದ ಪುಸ್ತಕದಲ್ಲಿ ತೋಟಾ ಖರೀದಿಯೂ ಇದೆ. ಎಲ್ಲ ಕೂಡಿಸಿದರೆ 60. ಉಳಿದದ್ದು ಏಳು. ಇಷ್ಟಕ್ಕೆ ಯಾವ ನಳಿಗೆಯೂ ಸವೆಯುವುದಿಲ್ಲ. ಆದರೆ ಬಾಯಿಯಿಂದ ಎರಡು ಇಂಚು ಒಳಗೆ ಮತ್ತು ಚೇಂಬರಿನ ಮುಂದೆ ಕಪ್ಪು ಚುಕ್ಕೆ ಗುಳಿಗಳಿವೆ. ಹಳೆ ತೋಟಾಗಳ ಕೇಪಿನಲ್ಲಿ (ಬುಡದಲ್ಲಿ ಕಿಡಿ ಹಚ್ಚುವ ಬಿಲ್ಲೆ) ಪೊಟ್ಯಾಸಿಯಮ್ ಕ್ಲೋರೇಟ್ ಇರುತ್ತಿತ್ತು. ಅದು ಸುಟ್ಟ ಮೇಲೆ ಉಳಿಯುವುದು ಉಪ್ಪಿನ ಜಾತಿಯದ್ದು, ಗಾಳಿಯ ತೇವ ಎಳೆಯುತ್ತದೆ. ಎಣ್ಣೆಗೆ ಉಪ್ಪು ಕರಗುವುದಿಲ್ಲ, ನೀರಿಗೆ ಕರಗುತ್ತದೆ. ಅಜ್ಜ ಅದಕ್ಕೇ ಹೊಡೆದ ದಿನವೇ ನಳಿಗೆಗೆ ಕುದಿಯುವ ನೀರು ಸುರಿಯುತ್ತಿದ್ದರಂತೆ. ಅವರ ನಂತರದವರಿಗೆ "ಕೋವಿಗೆ ನೀರಾ?" ಅಂತ ಅನಿಸಿತು. ಬರೀ ಎಣ್ಣೆ ಹಚ್ಚಿ ಇಟ್ಟರು. ಒಂದು ಮಳೆಗಾಲ ಸಾಕಾಯಿತು.

ನೆಟ್ಟಗಿದೆಯಾ ಅಂತ ನೋಡಲು ಬೋಲ್ಟ್ ತೆಗೆದ ನಳಿಗೆಯನ್ನು ಕಿಟಕಿಯ ಅಡ್ಡಪಟ್ಟಿಗೆ ಹಿಡಿದೆ. ಪಟ್ಟಿಯ ನೆರಳು ಒಳಗೆ ಗೆರೆಯಾಗಿ ಬೀಳುತ್ತದೆ. ಗೆರೆ ಎಲ್ಲೂ ಮುರಿಯಬಾರದು, ಉಂಗುರದಂಥ ಕಪ್ಪು ನೆರಳು ಕಾಣಬಾರದು. ಉಂಗುರ ಕಂಡರೆ ಅಲ್ಲಿ ನಳಿಗೆ ಉಬ್ಬಿದೆ ಅಂತ ಅರ್ಥ. ನನ್ನದರಲ್ಲಿ ಕಾಣಲಿಲ್ಲ.

ಆಗಸ್ಟ್ 10, ಮ್ಯಾಗ್ನಮ್ ಅಲ್ಲದ ಮ್ಯಾಗ್ನಮ್

ಮನೆಯಲ್ಲಿ ಎಲ್ಲರ ಬಾಯಲ್ಲೂ ಇದು "ಮ್ಯಾಗ್ನಮ್ ಮೌಸರ್". ಉದ್ದದ ತೋಟಾಗಳಿಗಾಗಿ ಮೌಸರ್ ಕಂಪನಿ ಬೇರೆಯೇ ಉದ್ದದ ಆಕ್ಷನ್ ಮಾಡುತ್ತಿತ್ತು, ರಿಸೀವರ್ 9¼ ಇಂಚು. ಸಾಮಾನ್ಯದ್ದು 8¾ ಇಂಚು. ನಾನು ಟೇಪ್ ಹಿಡಿದೆ. 8¾. ಮತ್ತೆ ಹಿಡಿದೆ. ಅಷ್ಟೇ.

ಅರ್ಧ ಇಂಚಿಗೆ ಇಷ್ಟೊಂದು ಯಾಕೆ ಅಂದರೆ, .375 ತೋಟಾದ ಉದ್ದ 91.4 ಮಿ.ಮೀ. ಸಾಮಾನ್ಯ 98ರ ಮ್ಯಾಗಜಿನ್ ಒಳ ಉದ್ದ ಸುಮಾರು 84. ತೋಟಾ ಹಿಡಿಸಬೇಕಾದರೆ ಮುಂದೆ ಹಿಂದೆ ಲೋಹ ಕೆತ್ತಬೇಕು. ನನ್ನದರ ಒಳ ಉದ್ದ 93. ಮುಂದೆ ಕೆತ್ತಿದ ಜಾಗ ಯಾವುದು? ತೋಟಾ ಏರಿ ಹೋಗುವ ಇಳಿಜಾರು. ಅದರ ಎದುರಿಗೇ ಕೆಳಗಿನ ಲಗ್ ಒತ್ತಿ ಕೂರುವ ಗೋಡೆ ಇದೆ. ಇಳಿಜಾರು ಜಾಸ್ತಿ ಕೆತ್ತಿದಷ್ಟೂ ಆ ಗೋಡೆಗೆ ಆಸರೆ ಕಡಿಮೆ. ಹೊಡೆತದ ಅರ್ಧ ಭಾರ ಹೊರುವುದು ಆ ಗೋಡೆಯೇ. ಈ ಕೋವಿ ಬಾಳುತ್ತದಾ ಅನ್ನುವ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿ, ಬೆರಳ ತುದಿಯಷ್ಟು ಜಾಗದಲ್ಲಿ. ಹೊರಗಿನಿಂದ ಎಷ್ಟು ನೋಡಿದರೂ ಕಾಣುವುದಿಲ್ಲ.

ಹಲ್ಲಿನ ಡಾಕ್ಟರ ಪುಟ್ಟ ಕನ್ನಡಿ ಮತ್ತು ಟಾರ್ಚ್ ಹಿಡಿದು ನೋಡಿದೆ. ಕೆತ್ತಿದವನ ಕೈ ಚೆನ್ನಾಗಿದೆ. ಉಳಿ ಗುರುತಿಲ್ಲ, ಚೂಪು ಮೂಲೆ ಇಲ್ಲ, ಬಿರುಕಿಲ್ಲ. ಆದರೆ ಕಣ್ಣಿನ ಮಾತು ಸಾಲದು.

ಆಗಸ್ಟ್ 11, ಮಸಿ ಪರೀಕ್ಷೆ, ತಪ್ಪಾಗಿ

ಎರಡೂ ಲಗ್‌ಗಳ ಹಿಂಬದಿಗೆ ಮಾರ್ಕರ್ ಮಸಿ ಹಚ್ಚಿ, ಬೋಲ್ಟ್ ಹತ್ತು ಸಲ ಮುಚ್ಚಿ ತೆರೆದೆ. ಮಸಿ ಅಳಿಸಿದಲ್ಲಿ ಲಗ್ ತಾಗುತ್ತಿದೆ ಅಂತ ಲೆಕ್ಕ. ಕೆಳಗಿನದು ಮುಕ್ಕಾಲು ಅಳಿಸಿತ್ತು, ಮೇಲಿನದು ಅಂಚಿನಲ್ಲಿ ಮಾತ್ರ. ರಾತ್ರಿ ನಿದ್ದೆ ಬರಲಿಲ್ಲ.

ತಪ್ಪು ಏನು ಅಂತ ಆಮೇಲೆ ತಿಳಿಯಿತು. ಫೈರಿಂಗ್ ಪಿನ್ ಒಳಗೇ ಇಟ್ಟು ಪರೀಕ್ಷೆ ಮಾಡಿದ್ದೆ. ಬೋಲ್ಟ್ ಮುಚ್ಚಿ ಪಿನ್ ಎಳೆದು ನಿಂತಾಗ ಅದನ್ನು ತಡೆದು ಹಿಡಿಯುವ ಸಿಯರ್ ಬೋಲ್ಟಿನ ಹಿಂಭಾಗವನ್ನು ಮೇಲಕ್ಕೆ ಎತ್ತುತ್ತದೆ. ಹಾಗಾಗಿ ಲಗ್‌ಗಳು ಓರೆಯಾಗಿ ತಾಗುತ್ತವೆ. ಬರೀ ಬೋಲ್ಟ್ ಮೈ ಮಾತ್ರ ಹಾಕಿ, ಅದನ್ನು ಹಿಂದಕ್ಕೆ ಎಳೆದು ಹಿಡಿದು ಮಾಡಬೇಕು. ಹಾಗೆ ಮಾಡಿದೆ: ಕೆಳಗಿನದು ಮುಕ್ಕಾಲು, ಮೇಲಿನದು ಅರ್ಧಕ್ಕಿಂತ ಜಾಸ್ತಿ. ಪರವಾಗಿಲ್ಲ.

ಆಗಸ್ಟ್ 17, ಡಮ್ಮಿ ತೋಟಾ

ಮೈಸೂರಿನ ಕೋವಿ ರಿಪೇರಿಯವರಿಂದ ಮದ್ದೂ ಕೇಪೂ ಇಲ್ಲದ ನಾಲ್ಕು ಡಮ್ಮಿ ತೋಟಾ ತಂದಿದ್ದೆ. ಆತುರದಲ್ಲಿ ಒಂದನ್ನು ನೇರವಾಗಿ ಚೇಂಬರಿಗೆ ಹಾಕಿ ಬೋಲ್ಟ್ ತಳ್ಳಿದೆ. ಹೋಗಲಿಲ್ಲ. ಅಂಗೈಯಿಂದ ಗುದ್ದಿದೆ. "ಕಟ್" ಅಂತ ಸದ್ದು. ಎದೆ ಧಸಕ್ ಅಂತು.

ಮೌಸರ್ ಎಕ್ಸ್‌ಟ್ರಾಕ್ಟರ್ ತೋಟಾದ ಅಂಚಿನ ಮೇಲೆ ಹಾರಿ ಕೂರಲು ಮಾಡಿದ್ದಲ್ಲ. ತೋಟಾ ಮ್ಯಾಗಜಿನಿನಿಂದ ಮೇಲೆ ಬರುವಾಗಲೇ ಅದರ ಉಗುರಿನ ಕೆಳಗೆ ಜಾರಿಕೊಳ್ಳಬೇಕು. ಅದೇ ಇದರ ದೊಡ್ಡ ಗುಣ. ಕೋಣ ನುಗ್ಗಿ ಬರುವಾಗ ಬೋಲ್ಟ್ ಅರ್ಧ ತಳ್ಳಿ ಎಳೆದರೂ ತೋಟಾ ಸಿಕ್ಕಿಕೊಳ್ಳುವುದಿಲ್ಲ. ಹಾರಿಸಿ ಕೂರಿಸಿದರೆ ಉಗುರು ಮುರಿಯಬಹುದು. ನನ್ನದು ಮುರಿಯಲಿಲ್ಲ, ಅಜ್ಜನ ಪುಣ್ಯ. ಆಮೇಲೆ ಮ್ಯಾಗಜಿನಿನಿಂದ ನಿಧಾನ, ಜೋರು, ಕೋವಿ ಪಕ್ಕಕ್ಕೆ ಮಲಗಿಸಿ, ತಲೆಕೆಳಗೆ ಮಾಡಿ, ಒಟ್ಟು 40 ಸಲ ಹಾಕಿ ತೆಗೆದೆ. ಒಮ್ಮೆಯೂ ತಡೆಯಲಿಲ್ಲ.

ಆಗಸ್ಟ್ 19, ಮೈಸೂರು

ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟಿಗೂ ತೋಟಾಕ್ಕೂ ನಡುವಿನ ಬಿಡುವು) ನೋಡಲು ಗೇಜ್ ಅನ್ನುವ ಅಳತೆಯ ತುಂಡು ಬೇಕು, ಅದು ಲೈಸೆನ್ಸ್ ಇರುವ ಗನ್‌ಸ್ಮಿತ್ ಕೆಲಸ. ಪತ್ರ, ಕೋವಿ ಎರಡೂ ಹಿಡಿದು ಹೋದೆ. ಎಪ್ಪತ್ತು ದಾಟಿದ ಯಜಮಾನರು. ಕೋವಿಯ ಹೊಳಪಿನ ಕಡೆ ನೋಡಲೂ ಇಲ್ಲ. ಬೋಲ್ಟ್ ತೆಗೆದು ಹೆಬ್ಬೆರಳಿನಿಂದ ಲಗ್ ಸವರಿದರು, ಆಮೇಲೆ ರಿಸೀವರ್ ಒಳಗೆ ಕಿರುಬೆರಳು ಹಾಕಿ ಕಣ್ಣು ಮುಚ್ಚಿ ಆ ಗೋಡೆಯನ್ನು ಮುಟ್ಟಿದರು.

"ಲಗ್ ಕೂತು ಗುಂಡಿ ಬಿದ್ದಿದ್ರೆ ಬೆರಳಿಗೆ ಮೆಟ್ಟಿಲು ಸಿಗುತ್ತೆ ಸಾರ್. ಇಲ್ಲಿ ಸಿಗ್ತಿಲ್ಲ."

ಗೋ ಗೇಜ್ ಮೇಲೆ ಬೋಲ್ಟ್ ಮುಚ್ಚಿತು. ನೋ-ಗೋ ಮೇಲೆ ಅರ್ಧಕ್ಕೆ ನಿಂತಿತು. ಮುಚ್ಚಬಾರದು, ಮುಚ್ಚಲಿಲ್ಲ. ಸೀಸದ ಚೂರು ನಳಿಗೆಯಲ್ಲಿ ತಳ್ಳಿ ಅಳೆದರೆ 9.54 ಮಿ.ಮೀ., ಎಷ್ಟಿರಬೇಕೋ ಅಷ್ಟೇ.

"ಹಾಗಾದ್ರೆ ಒಳ್ಳೆ ಕೋವಿ ಅನ್ನಬಹುದಾ ಯಜಮಾನರೇ?"

"ಉಕ್ಕು ಒಳ್ಳೇದು. ಮರ ನೋಡಿದ್ರಾ?"

ನೋಡಿದ್ದೆ, ಗೀರು ಅಂದುಕೊಂಡಿದ್ದೆ. ರಿಸೀವರಿನ ಬಾಲ ಮುಗಿಯುವಲ್ಲಿ ಮರದಲ್ಲಿ 28 ಮಿ.ಮೀ. ಉದ್ದದ ಕೂದಲೆಳೆ ಬಿರುಕು. ಅವರು ಎರಡೂ ಕಡೆ ಹಿಡಿದು ಸ್ವಲ್ಪ ಬಗ್ಗಿಸಿದಾಗ ಅದರಿಂದ ಎಣ್ಣೆ ಜಿನುಗಿತು. ಮತ್ತದೇ ಎಣ್ಣೆ! ನೇತು ಹಾಕಿದಾಗ, ನಿಲ್ಲಿಸಿದಾಗ, ಬೋಲ್ಟಿನಿಂದ ಇಳಿದು ಮರ ಸೇರಿದೆ. ಮರ ಮೆತ್ತಗಾಗಿದೆ. .375ರ ಹಿಂದೂಡಿಕೆ ಸಾಮಾನ್ಯ ಬೇಟೆ ತೋಟಾ .30-06ಕ್ಕಿಂತ ಸುಮಾರು ಎರಡು ಪಟ್ಟು. ಮುಂದೆ ಲೋಹ ಮರಕ್ಕೆ ಒರಗುವ ಆಸರೆ ಸಡಿಲವಾದರೆ ಲೋಹದ ಬಾಲ ಬೆಣೆಯ ಹಾಗೆ ಮರಕ್ಕೆ ನುಗ್ಗುತ್ತದೆ. ಹಿಂದೆ ಯಾರೋ ಬಿಳಿ ಅಂಟು ಹಾಕಿದ ಗುರುತೂ ಇತ್ತು. ಎಣ್ಣೆ ಕುಡಿದ ಮರಕ್ಕೆ ಅದು ಹಿಡಿಯುವುದೇ ಇಲ್ಲ.

ಅವರ ಕೆಲಸ: ಎಣ್ಣೆ ಹೀರಿಸಲು ಬಿಸಿ ಮಾಡಿ ಸೀಮೆಸುಣ್ಣದ ಪುಡಿ ಮೆತ್ತಿದ್ದು ನಾಲ್ಕು ಸಲ, ಒಳಗೆ 3 ಮಿ.ಮೀ. ಹಿತ್ತಾಳೆ ಕಡ್ಡಿ, ತೆಳು ಇಪಾಕ್ಸಿ, ಬಾಲದ ಹಿಂದೆ 1 ಮಿ.ಮೀ. ಬಿಡುವು, ಮುಂದಿನ ಆಸರೆಗೆ ಇಪಾಕ್ಸಿ ಹಾಸಿಗೆ. ನಾನು ಹಾಳು ಮಾಡಿದ ಸ್ಕ್ರೂ ಬದಲಿಗೆ ಹೊಸದು ತಿರುವಿ ಕೊಟ್ಟರು. ಎರಡು ಭೇಟಿಗೆ ಒಟ್ಟು 4,500. ಹಿಡಿಯ ಬುಡದ ರಬ್ಬರ್ ಉಗುರು ತಾಗಿಸಿದರೆ ಹಪ್ಪಳದಂತೆ ಮುರಿಯುತ್ತಿತ್ತು. ಅದಕ್ಕೆ ಸರಿಹೊಂದುವುದು ಅಲ್ಲಿರಲಿಲ್ಲ, ಹೇಳಿಟ್ಟು ಬಂದೆ.

ಸೆಪ್ಟೆಂಬರ್ 3, ಕೈಲ್‌ಪೊಳ್ದ್

ನೆಲ್ಲಕ್ಕಿ ನಡುಬಾಡೆಯಲ್ಲಿ (ಮನೆಯ ನಡುವಿನ ದೀಪದ ಕೋಣೆ) ಕೋವಿ ಇಟ್ಟು ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿದೆವು. ದೊಡ್ಡಪ್ಪ ಬಂದರು, ಬೋಲ್ಟ್ ಎತ್ತಿ ಎಳೆದು ನೋಡಿದರು. "ಇಷ್ಟು ನಯ ಇರ್ಲಿಲ್ಲ ಇದು" ಅಂದರು. ನಾನು ಎಲ್ಲ ವರದಿ ಒಪ್ಪಿಸಿದೆ: ಲಗ್ ಸರಿ, ಗೇಜ್ ಸರಿ, ಬಾಯಿಯ ಹತ್ತಿರ ಗುಳಿ ಇದೆ, ಮರಕ್ಕೆ ಹೊಲಿಗೆ ಬಿದ್ದಿದೆ, ಹೊಸ ತೋಟಾ ಸಿಕ್ಕ ಮೇಲೆ ಅನುಮತಿ ಇರುವ ರೇಂಜಿನಲ್ಲಿ ಐದು ಸುತ್ತು ಹಾರಿಸಿ ಮತ್ತೆ ಗೇಜ್ ಹಾಕಿಸಬೇಕು, ಅಲ್ಲಿವರೆಗೆ ಪೂರ್ತಿ ಉತ್ತರ ಇಲ್ಲ.

ಅವರು ತಲೆಯಾಡಿಸುತ್ತಾ ಕೇಳಿಸಿಕೊಂಡರು. ಆಮೇಲೆ ದೀಪದ ಪಕ್ಕದಲ್ಲಿದ್ದ ತೆಂಗಿನೆಣ್ಣೆ ಬಟ್ಟಲಿಗೆ ಬೆರಳು ಅದ್ದಿದರು.

"ದೊಡ್ಡಪ್ಪಾ!"

ಹಿಡಿಯ ಬುಡಕ್ಕೆ ಒಂದು ಬೊಟ್ಟು, ಅಷ್ಟಕ್ಕೇ ಒಪ್ಪಂದವಾಯಿತು. ಅವರು ಊಟಕ್ಕೆ ಹೋದ ಮೇಲೆ ಅದನ್ನೂ ಒರೆಸಿದೆ.